ಹನ್ನೆರಡು ನಿಮಿಷ ಎವೆಯಿಕ್ಕದೆ ಕುಳಿತ ಅಪರಾಧ

ಸ್ವಸ್ತಿ ಸಮಸ್ತ ರೋಗನಾಮಾವಳಿ ವಿರಾಜಮಾನರೂ, ಸೀನು ಕೆಮ್ಮುಗಳಿಂದ ಹಿಡಿದು ಬಾಹ್ಯಾಕಾಶ ನೌಕೆಯ ಅಪಘಾತದವರೆಗೆ ಮನುಷ್ಯನಿಗೆ ಒದಗಬಹುದಾದ ಸಕಲ ಅನಾಹುತಗಳಿಗೂ ಅಕ್ಷರ ಅಂಕಿಗಳ ಬಿರುದು ದಯಪಾಲಿಸುವವರೂ, ಖಾಲಿ ಚೌಕಗಳ ಪರಮ ವೈರಿಗಳೂ, ‘ಇತರೆ’ ಎಂಬ ವಿಶಾಲ ಸಾಮ್ರಾಜ್ಯದ ಏಕಚ್ಛತ್ರಾಧಿಪತಿಗಳೂ, ಗಾಜಿನ ಕಟ್ಟಡದ ಹದಿನಾಲ್ಕನೆಯ ಮಹಡಿಯಲ್ಲಿ ಸುಖಸಂಕಥಾವಿನೋದದಿಂದ ರಾಜ್ಯಭಾರ ಮಾಡುತ್ತಿರುವವರೂ ಆದ ಆರೋಗ್ಯ ದಾಖಲೆಗಳ ವರ್ಗೀಕರಣ ವಿಭಾಗದ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ, ಬರ್ಲಿಂಗ್ಟನ್ನಿನ ಒಂದು ಬೇಸ್‌ಮೆಂಟಿನಿಂದ ಸಾಷ್ಟಾಂಗ ನಮಸ್ಕಾರಗಳು. ಈ ಸಾಷ್ಟಾಂಗವನ್ನು ದಯವಿಟ್ಟು ‘ನೆಲಕ್ಕೆ ಬಿದ್ದರು’ ಎಂದು ದಾಖಲಿಸಬೇಡಿ.

ಮಾನ್ಯರೇ,

ನನ್ನ ಅಜ್ಜನಿಗೆ ಮೂರ್ಛೆರೋಗ ಇಲ್ಲ. ಇದೆ ಎಂದು ನಿಮ್ಮ ಕಡತ ಒಂದು ಸಂಕೇತದಲ್ಲಿ ಹೇಳುತ್ತದೆ. ಅದರ ಮಾತು ಕೇಳಿಕೊಂಡು ಅವರ ಡ್ರೈವಿಂಗ್ ಲೈಸೆನ್ಸನ್ನು ಅಮಾನತಿನಲ್ಲಿ ಇಟ್ಟಿದ್ದಾರೆ. ಲೈಸೆನ್ಸ್ ಇಲ್ಲದೆ ಅಜ್ಜ, ಅರವತ್ತು ಕಿಲೋಮೀಟರ್ ದೂರ ನಾರ್ತ್ ಯಾರ್ಕಿನ ಆರೈಕೆ ಮನೆಯಲ್ಲಿರುವ ನನ್ನ ಅಜ್ಜಿಯ ಬಳಿಗೆ ದಿನಾ ಹೋಗಲಾಗುತ್ತಿಲ್ಲ. ಅವರು ಹೋಗದ ದಿನ ಅಜ್ಜಿ ಊಟ ಮಾಡುವುದಿಲ್ಲ. ದೂರು ಇಷ್ಟೇ. ಓದಲು ವ್ಯವಧಾನವಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಎಂದಿನಂತೆ ಒಂದು ಉಲ್ಲೇಖ ಸಂಖ್ಯೆ ಕೊಟ್ಟು ಕಳಿಸಿಬಿಡಿ. ನನ್ನ ಹತ್ತಿರ ಈಗಾಗಲೇ ಮೂರಿವೆ. ನಾಲ್ಕಾದರೆ ಫ್ರಿಜ್ಜಿನ ಬಾಗಿಲಿಗೆ ನಾಲ್ಕು ಮೂಲೆಯಲ್ಲೂ ಅಂಟಿಸಬಹುದು.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀರಿ. ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು: ಸದರಿ ಸಂಕೇತವು ಆ ದಿನ ಲಭ್ಯವಿದ್ದ ದಾಖಲೆಗಳನ್ನು ಪ್ರತಿಬಿಂಬಿಸುತ್ತದೆ. ನಿಮ್ಮ ಜಾಲತಾಣದಲ್ಲಿ ದೂರುದಾರರ ಭಾಷೆಯನ್ನು ಆರಿಸಿಕೊಳ್ಳುವ ಪಟ್ಟಿಯೊಂದಿದೆ. ಅದರಲ್ಲಿ ಕನ್ನಡ ಇಲ್ಲ, ‘ಇತರೆ’ ಇದೆ. ಆದ್ದರಿಂದ ಈ ಸಲ ಶುದ್ಧ ಇತರೆಯಲ್ಲಿ ಬರೆಯುತ್ತಿದ್ದೇನೆ. ಇದು ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ, ರಾಜ್ಯೋತ್ಸವದ ಫೋಟೋಗಳಿಗೂ ಮನೆ ಮಾರುವ ಏಜೆಂಟರ ಜಾಹೀರಾತಿಗೂ ನಡುವೆ ಅಚ್ಚಾಗುತ್ತದೆ. ಕೆಲವು ನೂರು ಕನ್ನಡಿಗರು ಓದುತ್ತಾರೆ, ನೀವು ಓದುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಾಗಲೂ ನೀವು ಓದಿರಲಿಲ್ಲ. ಆಗ ಆ ಕೆಲವು ನೂರು ಜನರೂ ಇರಲಿಲ್ಲ. ಹಾಗಾಗಿ ಇದು ಪ್ರಗತಿಯೇ.

ಅಜ್ಜನ ಪರಿಚಯ ಮಾಡಿಕೊಡುತ್ತೇನೆ. ಡಾಕ್ಟರ್ ಚನ್ನವೀರಪ್ಪ, ಎಂಬತ್ತೆರಡು ವರ್ಷ, ಗದಗದ ಕಡೆಯವರು. ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ಈ ದೇಶಕ್ಕೆ ಬಂದು ಮೂವತ್ತೈದು ವರ್ಷ ಅರಿವಳಿಕೆ ವೈದ್ಯರಾಗಿ ದುಡಿದರು. ಅಂದರೆ, ಮೇಜಿನ ಮೇಲೆ ಮಲಗಿದ ಮನುಷ್ಯನಿಗೆ ಈಗ ಎಚ್ಚರ ಇದೆಯೋ ಇಲ್ಲವೋ ಎಂದು ಹೇಳುವುದೇ ಅವರ ವೃತ್ತಿಯಾಗಿತ್ತು. ಅವರು ತಲೆಯಾಡಿಸಿದ ಮೇಲೆಯೇ ಶಸ್ತ್ರಚಿಕಿತ್ಸಕರು ಕತ್ತಿ ಎತ್ತುತ್ತಿದ್ದರು. ಅಂಥವರಿಗೆ ತಮಗೆ ಯಾವಾಗ ಎಚ್ಚರ ತಪ್ಪುತ್ತದೆ ಎಂಬುದು ಗೊತ್ತಿಲ್ಲ ಎಂದು ನಿಮ್ಮ ಕಡತ ಬರೆದುಕೊಂಡಿದೆ. ಇದರಲ್ಲಿರುವ ತಮಾಷೆಯನ್ನು ಬೇಕೆಂದೇ ಇಟ್ಟಿದ್ದರೆ, ತಮಾಷೆಯ ವಿಷಯದಲ್ಲಿ ಸ್ವಲ್ಪ ಅನುಭವ ಇರುವವಳಾಗಿ ನಿಮ್ಮನ್ನು ಅಭಿನಂದಿಸುತ್ತೇನೆ.

ಅಮ್ಮ ಕೆಲಸಕ್ಕೆಂದು ಕ್ಯಾಲ್ಗರಿಗೆ ಹೋದ ಮೇಲೆ ನನ್ನನ್ನು ಬೆಳೆಸಿದವರು ಅಜ್ಜ ಅಜ್ಜಿ. ದಿನಕ್ಕೊಂದು ಪುಟ ಕನ್ನಡ ಬರೆಸಿ, ಕೆಂಪು ಪೆನ್ನಿನಿಂದ ತಿದ್ದಿ, ಈ ಪತ್ರ ಬರೆಯುವಷ್ಟು ನನ್ನನ್ನು ಕೆಡಿಸಿದವರೂ ಅಜ್ಜನೇ.

ಇನ್ನು ಘಟನೆ. ಜನವರಿಯಲ್ಲಿ ಅಜ್ಜನ ಬಲಮೊಣಕಾಲಿನ ಕೀಲು ಬದಲಾಯಿಸಿದರು. ಗಾಯಕ್ಕೆ ಪಟ್ಟಿ ಕಟ್ಟಲು ದಿನ ಬಿಟ್ಟು ದಿನ ಮನೆಗೆ ನರ್ಸ್ ಬರುತ್ತಿದ್ದರು, ಸಂಜೆಯ ಹೊತ್ತಿಗೆ. ಅದೊಂದು ಗುರುವಾರ ಬೇರೆ ನರ್ಸ್ ಬಂದರು, ಬೆಳಿಗ್ಗೆ ಏಳಕ್ಕೇ. ನಾನು ಕೆಲಸಕ್ಕೆ ಹೋಗುವ ಗೋ ಟ್ರೈನ್ ಹಿಡಿಯುವ ಅವಸರದಲ್ಲಿ ಒಂದು ಬೂಟು ಹಾಕಿ ಇನ್ನೊಂದನ್ನು ಹುಡುಕುತ್ತಿದ್ದೆ. ಡಾಕ್ಟರ್ ಎಲ್ಲಿ ಎಂದು ಕೇಳಿದರು. ಬಿಜಿ ಇದ್ದಾರೆ, ಒಂದು ಹದಿನೈದು ನಿಮಿಷ ಕೂತಿರಿ, ಬರುತ್ತಾರೆ ಎಂದು ಹೇಳಿ ಓಡಿದೆ. ಪೂಜೆಯಲ್ಲಿದ್ದಾರೆ ಎಂಬ ಒಂದು ಮಾತು ಸೇರಿಸಿದ್ದರೆ ನೀವೂ ನಾನೂ ಒಬ್ಬರಿಗೊಬ್ಬರು ಅಪರಿಚಿತರಾಗಿ ನೆಮ್ಮದಿಯಿಂದ ಇರಬಹುದಿತ್ತು.

ಆ ನರ್ಸಿಗೆ ಮುಂದೆ ಇನ್ನೂ ಆರು ಮನೆಗಳಿದ್ದವು. ಹತ್ತು ನಿಮಿಷ ಕಾದು, ಕೋಣೆಯ ಬಾಗಿಲು ತಟ್ಟಿ, ಒಳಗೆ ಹೋದರು. ಅವರು ಬರೆದ ಟಿಪ್ಪಣಿಯ ಪ್ರತಿಯನ್ನು ಅರ್ಜಿ ಹಾಕಿ ಪಡೆದುಕೊಂಡಿದ್ದೇನೆ. ರೋಗಿಯು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಎಡ ಅಂಗೈಯಲ್ಲಿ ಕಪ್ಪು ಬಣ್ಣದ, ಮೊಟ್ಟೆಯಾಕಾರದ, ಗುರುತಿಸಲಾಗದ ವಸ್ತು. ದೃಷ್ಟಿ ಅದರ ಮೇಲೆಯೇ ನೆಟ್ಟಿತ್ತು. ಹೆಸರು ಹಿಡಿದು ಮೂರು ಸಲ ಕರೆದರೂ ಪ್ರತಿಕ್ರಿಯೆ ಇಲ್ಲ. ಭುಜ ಮುಟ್ಟಿದಾಗಲೂ ಇಲ್ಲ. ತುಟಿಗಳಲ್ಲಿ ಒಂದೇ ಬಗೆಯ ಚಲನೆ ಮತ್ತೆ ಮತ್ತೆ. ಹಣೆಯ ಮೇಲೆ ಬೂದು ಬಣ್ಣದ ಪುಡಿ, ಮೂಲ ತಿಳಿಯದು. ಅವಧಿ, ಹನ್ನೆರಡು ನಿಮಿಷ.

ನೋಡಿ, ಇದರಲ್ಲಿ ಒಂದು ಸುಳ್ಳೂ ಇಲ್ಲ. ನಾನು ನೋಡಿದ ಇಷ್ಟಲಿಂಗ ಪೂಜೆಯ ವರ್ಣನೆಗಳಲ್ಲಿ ಇಷ್ಟು ಕರಾರುವಾಕ್ಕಾದದ್ದು ಇನ್ನೊಂದಿಲ್ಲ. ಲಿಂಗವಂತರ ಮನೆಯಲ್ಲಿ ಹುಟ್ಟಿದ ಅಜ್ಜ ಎಪ್ಪತ್ತೈದು ವರ್ಷಗಳಿಂದ ದಿನಾ ಮಾಡುತ್ತಿರುವುದು ಇದನ್ನೇ. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದನ್ನೇ ದಿಟ್ಟಿಸುತ್ತಾ, ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುವುದು. ನಡುವೆ ಏಳುವಂತಿಲ್ಲ, ಮಾತನಾಡುವಂತಿಲ್ಲ. ಫೋನ್ ಹೊಡೆದುಕೊಂಡರೂ, ಹಾಲು ಉಕ್ಕಿದರೂ, ಮೊಮ್ಮಗಳು ಹಿಂದಿನಿಂದ ಬಂದು ಕಿವಿಗೆ ಉಫ್ ಎಂದು ಊದಿದರೂ ಅಲುಗುವಂತಿಲ್ಲ. ಕೊನೆಯದನ್ನು ನಾನು ಏಳನೆಯ ವಯಸ್ಸಿನಿಂದ ಹತ್ತೊಂಬತ್ತನೆಯ ವಯಸ್ಸಿನವರೆಗೆ ಶಾಸ್ತ್ರೋಕ್ತವಾಗಿ ಪರೀಕ್ಷಿಸಿದ್ದೇನೆ. ಒಮ್ಮೆಯೂ ಗೆದ್ದಿಲ್ಲ. ನಿಮ್ಮ ನರ್ಸ್ ಮೂರೇ ಸಲ ಕರೆದು ಕೈಬಿಟ್ಟರು. ನನಗಿರುವ ಹನ್ನೆರಡು ವರ್ಷದ ಪ್ರಾಯೋಗಿಕ ದತ್ತಾಂಶವನ್ನು ಯಾರೂ ಕೇಳಲಿಲ್ಲ.

ನರ್ಸ್ ಆಂಬುಲೆನ್ಸ್ ಕರೆದರು. ಅದು ಬರುವ ಹೊತ್ತಿಗೆ ಅಜ್ಜ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸುತ್ತಿದ್ದರು. ಸಮವಸ್ತ್ರದ ಇಬ್ಬರು ಎದುರು ಮಂಡಿಯೂರಿ, ಸರ್, ನೀವು ಎಲ್ಲಿದ್ದೀರಿ ಎಂಬುದು ಗೊತ್ತಿದೆಯೇ ಎಂದು ಕೇಳಿದರು. ಅಜ್ಜ ಇಂಗ್ಲಿಷಿನಲ್ಲಿ, ಈಗ ಬರ್ಲಿಂಗ್ಟನ್ನಿನಲ್ಲಿ ಇದ್ದೇನೆ, ಐದು ನಿಮಿಷದ ಹಿಂದೆ ಬೇರೆ ಕಡೆ ಇದ್ದೆ ಎಂದರು. ನಮ್ಮ ಮನೆತನದಲ್ಲಿ ಇಂಥ ಚೇಷ್ಟೆಯ ಮಾತು ಹರಿದುಬಂದಿದೆ. ಕಡತದಲ್ಲಿ ಅದು ಹೀಗೆ ಇಳಿಯಿತು: ಘಟನೆಯ ಸಮಯದಲ್ಲಿ ತಾನು ಬೇರೆಡೆ ಇದ್ದುದಾಗಿ ರೋಗಿ ತಿಳಿಸುತ್ತಾರೆ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಬೇಕೆಂದರು. ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದರು. ನಾನು ಅಷ್ಟು ಹೊತ್ತಿಗೆ ಓಡಿಬಂದಿದ್ದೆ. ಅಜ್ಜ ವಾಚು, ಉಂಗುರ, ಕೊನೆಗೆ ಬೆಳ್ಳಿಯ ಕರಡಿಗೆಯನ್ನೂ ಬಿಚ್ಚಿಕೊಟ್ಟು, ಒಳಗಿನ ಲಿಂಗವನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ, ಅದರಲ್ಲಿ ಲೋಹ ಇಲ್ಲ, ಅದನ್ನು ಮೈಯಿಂದ ದೂರ ಇಡುವ ಹಾಗಿಲ್ಲ ಎಂದರು. ಯಂತ್ರ ನಡೆಸುವ ಹುಡುಗ ಮರ್ಯಾದಸ್ಥ. ತನ್ನ ಪಟ್ಟಿಯನ್ನು ಎರಡೆರಡು ಸಲ ನೋಡಿದ. ಪಟ್ಟಿಯಲ್ಲಿ ಇಲ್ಲದ ವಸ್ತುವನ್ನು ಒಳಗೆ ಬಿಡಲಾರೆ ಎಂದ. ಅಜ್ಜ ಅವನಿಗೆ ಥ್ಯಾಂಕ್ಸ್ ಹೇಳಿ ವಾಚು ಕಟ್ಟಿಕೊಂಡರು. ನೀವು ಅದಕ್ಕೊಂದು ಸಂಕೇತ ಬರೆದಿರಿ. ಅದರ ಅರ್ಥ ಹುಡುಕಿ ನೋಡಿದೆ: ನಂಬಿಕೆಯ ಅಥವಾ ಗುಂಪಿನ ಒತ್ತಡದ ಕಾರಣ ರೋಗಿಯ ತೀರ್ಮಾನದಂತೆ ಚಿಕಿತ್ಸಾಕ್ರಮ ನಡೆಸಲಾಗಿಲ್ಲ. ಗುಂಪು ಯಾವುದು ಸ್ವಾಮಿ? ಆ ಕೋಣೆಯಲ್ಲಿ ಇದ್ದದ್ದು ಅಜ್ಜ, ಆ ಹುಡುಗ, ಒಂದೇ ಬೂಟಿನ ಲೇಸು ಕಟ್ಟಿದ್ದ ನಾನು.

ತುರ್ತು ವಿಭಾಗದ ವೈದ್ಯರು ಬರೆದದ್ದು ಮೂರ್ಛೆ ಇರಬಹುದು ಎಂದು. ಇರಬಹುದು ಎಂದಾದರೂ ಮೇಲಕ್ಕೆ ತಿಳಿಸಲೇಬೇಕು, ಅದು ಅವರ ಕರ್ತವ್ಯ, ತಿಳಿಸಿದರು. ಅವರ ಕೈಬರಹ ನಿಮ್ಮ ಕಚೇರಿಯ ಪರದೆಗೆ ಬಂದಾಗ ಆ ‘ಬಹುದು’ ದಾರಿಯಲ್ಲೆಲ್ಲೋ ಇಳಿದುಹೋಗಿತ್ತು. ಉಳಿದದ್ದು ಒಂದು ಅಕ್ಷರ, ಮೂರು ಅಂಕಿ, ನಡುವೆ ಒಂದು ಚುಕ್ಕಿ. ಫೆಬ್ರುವರಿಯಲ್ಲಿ ಲೈಸೆನ್ಸ್ ಅಮಾನತಿನ ಪತ್ರ ಬಂತು. ಅಜ್ಜ ಅದನ್ನು ಓದಿ, ಮಡಿಚಿ, ಕಾರ್ಡನ್ನು ಲಕೋಟೆಗೆ ಹಾಕಿ ಅದೇ ದಿನ ಅಂಚೆಗೆ ಕೊಟ್ಟರು. ಐವತ್ತೆರಡು ವರ್ಷ ಓಡಿಸಿದ ಮನುಷ್ಯ. ಒಂದೇ ಒಂದು ದಂಡ ಕಟ್ಟಿದ್ದು, ಅದೂ ನನ್ನನ್ನು ಶಾಲೆಗೆ ಬಿಡುವಾಗ ಹಿಂದಿನ ಸೀಟಿನಿಂದ ನಾನು ಅವರ ಕಣ್ಣು ಮುಚ್ಚಿದ ದಿನ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಐವತ್ತೊಂದು ನಿಮಿಷ ಸಂಗೀತ ಕೇಳಿದ ಮೇಲೆ ಸಂಕೇತ ಬರೆಯುವ ಮಹಿಳೆಯೊಬ್ಬರು ಸಿಕ್ಕರು. ಸಿಗಬಾರದಿತ್ತು, ಯಾರೋ ತಪ್ಪಿ ಜೋಡಿಸಿದ್ದರು. ಒಳ್ಳೆಯವರು. ನಾನು ಇಷ್ಟಲಿಂಗದ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, “ನಾನು ರೋಗಿಯನ್ನು ನೋಡುವುದಿಲ್ಲ ಮಗು, ಕಾಗದವನ್ನು ನೋಡುತ್ತೇನೆ. ಕಾಗದದಲ್ಲಿ ಇರುವುದನ್ನು ಬರೆಯುತ್ತೇನೆ. ಗಂಟೆಗೆ ಇಷ್ಟು ಕಡತ ಅಂತ ಇದೆ” ಎಂದರು. ಅವರ ಮೇಲೆ ಕೂಗಾಡಬೇಕೆಂದು ನಾನು ನೀರು ಕುಡಿದು ತಯಾರಾಗಿ ಕೂತಿದ್ದೆ. ಆಗಲಿಲ್ಲ. ಯಾಕೆಂದರೆ ಮಾನ್ಯರೇ, ನನ್ನ ಕೆಲಸವೂ ಅದೇ.

ಹೌದು. ನಾನು ಒಂದು ಡಿಜಿಟಲ್ ಸಂಗ್ರಹದಲ್ಲಿ ವಿವರಣೆ ಬರೆಯುವವಳು. ವಲಸೆ ಬಂದ ಕುಟುಂಬಗಳು ಕೊಟ್ಟ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿದ ಮೇಲೆ, ಪ್ರತಿಯೊಂದಕ್ಕೂ ಇದು ಏನು, ಎಲ್ಲಿಯದು, ಯಾವ ವಿಷಯಕ್ಕೆ ಸೇರಿದ್ದು ಎಂದು ಒಪ್ಪಿತವಾದ ಪದಪಟ್ಟಿಯಿಂದ ಆರಿಸಿ ತುಂಬುವುದು. ಪಟ್ಟಿಯ ಆಚೆಗಿನ ಪದ ಹಾಕುವಂತಿಲ್ಲ. ಬೇಸರವಾದ ಒಂದು ಮಧ್ಯಾಹ್ನ ನಮ್ಮ ಆಫೀಸಿನ ಮೈಕ್ರೋವೇವಿನ ಫೋಟೋ ತೆಗೆದು, ಇಪ್ಪತ್ತಮೂರು ವಿಷಯಪದ ಕೊಟ್ಟು, ‘ಸಮುದಾಯದ ಅಗ್ನಿಕುಂಡ, ಮೂಲ ಅಜ್ಞಾತ’ ಎಂಬ ಶೀರ್ಷಿಕೆಯಲ್ಲಿ ಸೇರಿಸಿದ್ದೆ. ಅದು ಈಗಲೂ ಅಲ್ಲೇ ಇದೆ. ಒಬ್ಬ ಸಂಶೋಧಕರು ದೊಡ್ಡ ಗಾತ್ರದ ಪ್ರತಿ ಕೇಳಿ ಬರೆದಿದ್ದರು.

ಆ ಸಂಗ್ರಹಕ್ಕೆ ಅಜ್ಜನೂ ತಮ್ಮ ಆಲ್ಬಮ್ ಕೊಟ್ಟಿದ್ದಾರೆ. ಅದರಲ್ಲಿ ಅವರ ಮೊದಲನೆಯ ಚಳಿಗಾಲದ ಒಂದು ಕಪ್ಪುಬಿಳುಪು ಫೋಟೋ. ಕಿಟಕಿಯ ಅರ್ಧದವರೆಗೆ ಹಿಮ. ಒಳಗೆ ಹೆಗಲಿಗೆ ಕಂಬಳಿ ಹೊದ್ದು, ಎಡ ಅಂಗೈ ಮೇಲೆತ್ತಿ ಕುಳಿತ ಮೂವತ್ತರ ಯುವಕ. ಪದಪಟ್ಟಿಯಲ್ಲಿ ಇಷ್ಟಲಿಂಗ ಸಿಗಲಿಲ್ಲ. ಸೂಪರ್‌ವೈಸರ್ ದೇವ್‌ಗೆ ಹೇಳಿದೆ. ಅವನು ಬೆಂಗಳೂರಿನ ಹುಡುಗ, ನನಗಿಂತ ಮೂರೇ ವರ್ಷ ದೊಡ್ಡವನು.

“ಕ್ಲೋಸೆಸ್ಟ್ ಯಾವ್ದಿದೆಯೋ ಅದನ್ನ ಹಾಕು,” ಎಂದ.

“ಕ್ಲೋಸೆಸ್ಟ್ ಅಂದ್ರೆ ‘ಆಭರಣ, ಪುರುಷರದು’ ಅಂತ ಇದೆ ಕಣೋ.”

“ಹಾಕು ಮತ್ತೆ. ಬ್ಲ್ಯಾಂಕ್ ಬಿಟ್ರೆ ಸಿಸ್ಟಮ್ ಸೇವ್ ಮಾಡಲ್ಲ. ಇವತ್ತು ಇನ್ನೂ ನಲವತ್ತು ಇದೆ ನಿಂದು.”

ಹಾಕಿದೆ. ಈ ವಾಕ್ಯವನ್ನು ನೀವು ನನ್ನ ವಿರುದ್ಧ ಬಳಸಬಹುದು. ಅಂದು ಸಂಜೆ ಅಜ್ಜನಿಗೆ ತಪ್ಪೊಪ್ಪಿಕೊಂಡಾಗ ಅವರು ಬೈಯಲಿಲ್ಲ. “ಆಭರಣ ಅಂದ್ರ ಪೂರಾ ತಪ್ಪೇನಲ್ಲ ಬಿಡು. ಸಾಯೂತನಕ ತಗೀಬಾರದಂಥಾ ಆಭರಣ,” ಎಂದರು. ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ಒಂದು ವಸ್ತು ಒಂದು ಇಲಾಖೆಯಲ್ಲಿ ಆಭರಣವಾಗುತ್ತದೆ, ಇನ್ನೊಂದರಲ್ಲಿ ರೋಗಲಕ್ಷಣವಾಗುತ್ತದೆ. ಎರಡೂ ಕಡೆ ಕುಳಿತಿರುವವರು ನನ್ನಂಥ ಗುತ್ತಿಗೆಯ ಜನ, ಸಂಜೆ ಐದಕ್ಕೆ ಮುಗಿಸಬೇಕಾದ ಲೆಕ್ಕ ಇರುವವರು, ಯಾರ ಮೇಲೂ ದ್ವೇಷ ಇಲ್ಲದವರು. ಒಬ್ಬ ದುಷ್ಟನಾದರೂ ಇದ್ದಿದ್ದರೆ ಈ ಪತ್ರ ಬರೆಯುವುದು ಎಷ್ಟು ಸುಲಭವಾಗುತ್ತಿತ್ತು. ಅಷ್ಟು ದೂರ ಹುಡುಕಿ ಸಿಕ್ಕವರು ನೀವೊಬ್ಬರೇ. ನಿಮ್ಮನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಜೂನ್ ತಿಂಗಳಲ್ಲಿ ನೀವು ಸಾರ್ವಜನಿಕರಿಗಾಗಿ ಆನ್‌ಲೈನ್ ಸಭೆಯೊಂದನ್ನು ನಡೆಸಿದ್ದಿರಿ. ನಾನೂ ಹಾಜರಿದ್ದೆ, ಗಡಿಯಾರ ಸಮೇತ. ನೀವು ನಿಮ್ಮದೇ ಸ್ಲೈಡೊಂದನ್ನು ದಿಟ್ಟಿಸುತ್ತಾ ನೆಟ್ಟಗೆ ಕುಳಿತಿದ್ದಿರಿ. ತುಟಿಗಳು ಅಲುಗುತ್ತಿದ್ದವು. ಶಬ್ದ ಹೊರಡುತ್ತಿರಲಿಲ್ಲ. ಹೆಸರು ಹಿಡಿದು ಮೂವರು ಕರೆದರು, ಸರ್, ನೀವು ಮ್ಯೂಟಿನಲ್ಲಿದ್ದೀರಿ ಎಂದು. ಪ್ರತಿಕ್ರಿಯೆ ಇಲ್ಲ. ಕೈಯಲ್ಲಿ ಕಪ್ಪು ಬಣ್ಣದ, ಮೊಟ್ಟೆಯಾಕಾರದ ವಸ್ತು. ಮೌಸ್ ಇರಬೇಕು, ಆದರೆ ನಾನು ತಜ್ಞಳಲ್ಲ. ಅವಧಿ, ಹದಿನಾಲ್ಕು ನಿಮಿಷ. ಅಂದರೆ ಅಜ್ಜನಿಗಿಂತ ಎರಡು ನಿಮಿಷ ಹೆಚ್ಚು. ಎಚ್ಚರಾದ ಮೇಲೆ, ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲವೇ ಎಂದು ಗೊಂದಲದಿಂದ ಕೇಳಿದಿರಿ. ಇದನ್ನೆಲ್ಲ ನಿಮ್ಮದೇ ನಮೂನೆಯಲ್ಲಿ ತುಂಬಿ, ಚಾಲಕರ ವೈದ್ಯಕೀಯ ಸ್ಥಿತಿಯ ಬಗ್ಗೆ ಕಳವಳ ಎಂದು ಕಳಿಸಿದೆ. ನನ್ನ ಮೂರನೆಯ ಉಲ್ಲೇಖ ಸಂಖ್ಯೆ ಅದರದೇ, ಅದಕ್ಕೂ ಬಂದದ್ದು ಅದೇ ಉತ್ತರ. ನಿಮ್ಮ ಲೈಸೆನ್ಸ್ ಕ್ಷೇಮವಾಗಿದೆ ಎಂದು ಭಾವಿಸುತ್ತೇನೆ.

ಆಗಸ್ಟಿನಲ್ಲಿ ಅಂತೂ ನರರೋಗ ತಜ್ಞರ ಸರದಿ ಬಂತು. ಆರು ತಿಂಗಳ ಕಾಯುವಿಕೆ. ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ ಸರಿಯಾಗಿಯೇ ಇತ್ತು. ಸರಿಯಾಗಿದ್ದ ಮಾತ್ರಕ್ಕೆ ರೋಗ ಇಲ್ಲವೆಂದು ಹೇಳಲಾಗದು ಎಂದರು ಅವರು, ಅದು ನಿಜವಂತೆ. ನಾನು ಪೂಜೆಯ ವಿಡಿಯೋ ತೋರಿಸಿದೆ. ತಾಳ್ಮೆಯಿಂದ ನೋಡಿದರು. ಗೆದ್ದೆವು ಅಂದುಕೊಂಡೆ. ಆಗ ಅವರು ಅಜ್ಜನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: ಆ ಹನ್ನೆರಡು ನಿಮಿಷ ನಿಮಗೆ ಸುತ್ತಲಿನ ಅರಿವು ಇರುತ್ತದೆಯೇ?

ಇರುತ್ತದೆ ಎಂಬ ಒಂದು ಮಾತು ಸಾಕಿತ್ತು. ಅಜ್ಜ ಯೋಚಿಸಿದರು. ಸರಿಯಾಗಿ ಮಾಡಿದ ದಿನ ಇರುವುದಿಲ್ಲ ಎಂದರು. ಮತ್ತೆ, ಅಂಥ ದಿನ ಬಹಳ ಬರುವುದಿಲ್ಲ, ಆ ಗುರುವಾರ ಬಂದಿತ್ತು ಎಂದೂ ಸೇರಿಸಿದರು. ತಜ್ಞರು ಕನ್ನಡಕ ಸರಿಮಾಡಿಕೊಂಡು ಅದನ್ನು ಬರೆದುಕೊಂಡರು.

ಪಾರ್ಕಿಂಗಿನಲ್ಲಿ ಟ್ಯಾಕ್ಸಿಗೆ ಕಾಯುತ್ತಾ ನಾನು ಅವರ ಮೇಲೆ ರೇಗಿದೆ.

“ಒಂದ ಒಂದು ಸುಳ್ಳು ಹೇಳಿದ್ರ ಏನಾಗ್ತಿತ್ತು ಅಜ್ಜಾ?”

“ಲಿಂಗಾ ಕೊರಳಾಗ ಇಟ್ಕೊಂಡು ಹ್ಯಾಂಗ ಹೇಳ್ಲಿ ಯವ್ವಾ?”

“ನಾ ಹೇಳ್ತಿದ್ದೆ ನಿಮ್ಮ ಪರವಾಗಿ.”

“ನೀ ಹೇಳ್ತಿದ್ದಿ. ಅದಕ್ಕ ನಿನಗ ಯಾರೂ ಲೈಸೆನ್ಸ್ ಕೊಟ್ಟಿಲ್ಲ,” ಎಂದರು. ನಾನು ರೋಡ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೇನೆ. ಮೂರನೆಯದು ಡಿಸೆಂಬರಿನಲ್ಲಿದೆ. ಕೇಳುವ ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನಿಮ್ಮವರೆಲ್ಲ ಅದನ್ನೇ ಕೇಳುತ್ತಾರೆ, ಮನೆಯಲ್ಲಿ ಬೇರೆ ಚಾಲಕರಿಲ್ಲವೇ ಎಂದು.

ಇನ್ನು ಅಜ್ಜಿ. ಸತ್ಯಭಾಮಾ, ಎಪ್ಪತ್ತೆಂಟು. ಮರೆವಿನ ರೋಗ ಅವರ ಇಂಗ್ಲಿಷನ್ನು ಮೊದಲು ತೆಗೆದುಕೊಂಡಿತು, ಆಮೇಲೆ ನನ್ನ ಹೆಸರನ್ನು. ಈಗ ಉಳಿದಿರುವುದು ಗದಗದ ಕನ್ನಡ ಮತ್ತು ಅಜ್ಜ. ಬರ್ಲಿಂಗ್ಟನ್ನಿನಲ್ಲಿ ಜಾಗ ಕೇಳಿದೆವು. ನಮೂನೆಯಲ್ಲಿ ಭಾಷೆ ‘ಇತರೆ, ದಕ್ಷಿಣ ಏಷ್ಯಾ’ ಎಂದಾಗಿ, ನಾರ್ತ್ ಯಾರ್ಕಿನಲ್ಲಿ ದಕ್ಷಿಣ ಏಷ್ಯಾ ಮಂದಿಯ ಆರೈಕೆ ಮನೆ ಸಿಕ್ಕಿತು. ಅಲ್ಲಿನವರು ಬಂಗಾರದಂಥ ಜನ. ಆಂಟೀಜಿ ಖಾನಾ ಖಾವೊ ಎಂದು ಪ್ರೀತಿಯಿಂದ ಚಪಾತಿ ಹಿಡಿದು ನಿಲ್ಲುತ್ತಾರೆ. ಅಜ್ಜಿಗೆ ಹಿಂದಿ ಯಾವ ಕಾಲಕ್ಕೂ ಬರುತ್ತಿರಲಿಲ್ಲ. ಹತ್ತಿರದ ಮನೆಗೆ ಬದಲಾಯಿಸಿ ಎಂದು ಅರ್ಜಿ ಕೊಟ್ಟರೆ, ಸಾಂಸ್ಕೃತಿಕ ಹೊಂದಾಣಿಕೆ ಈಗಾಗಲೇ ದೊರೆತಿರುವುದರಿಂದ ಆದ್ಯತೆ ಇಲ್ಲ ಎಂದು ಉತ್ತರ ಬಂದಿದೆ.

ಅಜ್ಜಿ ತಾವು ಉಣ್ಣುವ ಮೊದಲು ದಿನಾ ಕೇಳುವುದು ಒಂದೇ: “ಡಾಕ್ಟರು ಉಂಡ್ರೇನು?” ಮದುವೆಯಾದಾಗಿನಿಂದ ಅಜ್ಜನನ್ನು ಅವರು ಕರೆಯುವುದೇ ಹಾಗೆ. ಅಜ್ಜ ಎದುರು ಕುಳಿತು ಒಂದು ತುತ್ತು ಬಾಯಿಗಿಟ್ಟರೆ ಇವರೂ ಇಡುತ್ತಾರೆ. ಡಾಕ್ಟರು, ಡಾಕ್ಟರು ಎನ್ನುವುದನ್ನು ಕೇಳಿ ಅಲ್ಲಿನವರು ಒಂದು ದಿನ ಪಾಪ, ಡ್ಯೂಟಿಯ ಡಾಕ್ಟರನ್ನೇ ಕರೆತಂದು ನಿಲ್ಲಿಸಿದ್ದರು. ಅಜ್ಜಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಇಂವ ಯಾರ ಇಂವಾ? ನಮ್ಮ ಡಾಕ್ಟರಿಗೆ ಇಷ್ಟ ಕೂದಲಿಲ್ಲ,” ಎಂದರು. ನಾನು ನಕ್ಕೆ. ತಟ್ಟೆ ಹಾಗೇ ಹಿಂದಕ್ಕೆ ಹೋಯಿತು.

ಫೆಬ್ರುವರಿಗೆ ಮೊದಲು ಅಜ್ಜ ದಿನಾ ಹನ್ನೊಂದಕ್ಕೆ ಕಾರಿನಲ್ಲಿ ಹೊರಟು, ಊಟ ಮಾಡಿಸಿ, ನಾಲ್ಕಕ್ಕೆ ತಿರುಗಿ ಬರುತ್ತಿದ್ದರು. ಮೊಣಕಾಲಿನ ಶಸ್ತ್ರಚಿಕಿತ್ಸೆಯ ಮೂರು ವಾರ ಮಾತ್ರ ಟ್ಯಾಕ್ಸಿ. ಈಗ ಗೋ ಟ್ರೈನು, ಸಬ್‌ವೇ, ಆಮೇಲೆ ಬಸ್ಸು. ಹೋಗಲು ಎರಡೂಮುಕ್ಕಾಲು ಗಂಟೆ, ಬರಲು ಅಷ್ಟೇ. ಹೊಸ ಮೊಣಕಾಲು ವಾರಕ್ಕೆ ಮೂರು ದಿನ ಒಪ್ಪುತ್ತದೆ. ಸೆಪ್ಟೆಂಬರಿನಲ್ಲಿ ಒಂದು ದಿನ ನಿಲ್ದಾಣದ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಯಾರೋ ಪುಣ್ಯಾತ್ಮರು ನನಗೆ ಫೋನ್ ಮಾಡಿಸಿದರು. ಭಾನುವಾರ ನಾನು ಹೋಗುತ್ತೇನೆ. ಅಜ್ಜನ ಕನ್ನಡಕ, ಟೋಪಿ ಹಾಕಿಕೊಂಡು, ಅವರದೇ ದನಿ ತೆಗೆದು ಡಾಕ್ಟರಾಗಿ ಕೂತು ನೋಡಿದ್ದೇನೆ. ನನ್ನ ಜೀವಮಾನದ ಅತ್ಯುತ್ತಮ ವೇಷ. ಅಜ್ಜಿ ಕನಿಕರದಿಂದ ನನ್ನ ಕೆನ್ನೆ ಸವರಿ, ಬಾಯಿ ಮುಚ್ಚಿಕೊಂಡರು. ಜನವರಿಯಲ್ಲಿ ನಲವತ್ತೊಂಬತ್ತು ಕಿಲೋ ಇದ್ದರು, ಈಗ ನಲವತ್ತೆರಡು. ಅವರ ಕಡತದಲ್ಲೂ ಸಂಕೇತ ಬಂದಿದೆ: ಆಹಾರ ನಿರಾಕರಣೆ, ವರ್ತನೆಯ ತೊಂದರೆ. ಎರಡು ಕಡತ, ಎರಡು ಊರು, ಎರಡು ಸಂಕೇತ. ಇವೆರಡೂ ಗಂಡ ಹೆಂಡತಿ ಎಂದು ಹೇಳುವ ಚೌಕ ನಿಮ್ಮಲ್ಲಿ ಇಲ್ಲ. ಅಂಥದೊಂದನ್ನು ನನ್ನ ಸಂಗ್ರಹದಲ್ಲಿ ಫೋಟೋಗಳಿಗೇ ಕೊಟ್ಟಿದ್ದೇವೆ, ‘ಸಂಬಂಧಿತ ವಸ್ತು’ ಎಂದು.

ಬೇಡಿಕೆ ಇಷ್ಟು. ಅಜ್ಜನ ಕಡತದಿಂದ ಆ ಸಂಕೇತವನ್ನು ತೆಗೆಯಿರಿ. ತೆಗೆಯಲು ನಿಯಮ ಇಲ್ಲದಿದ್ದರೆ, ಅದರ ಪಕ್ಕದಲ್ಲಿ ಮನುಷ್ಯರ ಭಾಷೆಯಲ್ಲಿ ಒಂದು ಸಾಲು ಬರೆಯುವ ಜಾಗ ಕೊಡಿ. ಅದಕ್ಕೂ ಸಮಿತಿ ಕೂರಬೇಕಾದರೆ, ಅಜ್ಜಿಯನ್ನಾದರೂ ಬರ್ಲಿಂಗ್ಟನ್ನಿಗೆ ತನ್ನಿ. ಯಾವುದೂ ಆಗದಿದ್ದರೆ ಒಂದು ದಿನ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಬಂದು ಸೋಫಾದ ಮೇಲೆ ಹನ್ನೆರಡು ನಿಮಿಷ ಸುಮ್ಮನೆ ಕುಳಿತು, ಆ ಮನುಷ್ಯ ಏನು ಮಾಡುತ್ತಿದ್ದಾರೆ ಎಂದು ನೋಡಿ. ಚಹಾ ಕೊಡುತ್ತೇನೆ. ಹಿಂದಿನಿಂದ ಬಂದು ಕಿವಿಗೆ ಊದುವುದಿಲ್ಲ ಎಂದು ಬರೆದುಕೊಡುತ್ತೇನೆ. ನೀವು ಬರುವುದಿಲ್ಲ ಎಂಬುದು ಗೊತ್ತಿದೆ. ಗೊತ್ತಿದ್ದೂ ಕಪ್ಪು ತೊಳೆದಿಟ್ಟಿದ್ದೇನೆ.

ಇಂತಿ ನಿಮ್ಮ ಪಟ್ಟಿಯ ಕಟ್ಟಕಡೆಯ ಚೌಕದ ನಿವಾಸಿ,
ನಿರ್ದಿಷ್ಟಪಡಿಸಲಾಗದ ಮೊಮ್ಮಗಳು,
ಶರ್ವಾಣಿ
ಡಿಜಿಟಲ್ ಸಂಪನ್ಮೂಲ ವಿವರಣೆ ವಿಭಾಗ, ಮಾರ್ಚ್ ತಿಂಗಳವರೆಗೆ ಮಾತ್ರ

ಸಹಿ ಹಾಕಿದ ಮೇಲೆ ಒಂದು ಮಾತು. ಕಳೆದ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಅಜ್ಜ ಅಡುಗೆಮನೆಯ ಟೇಬಲ್ಲಿನ ಮುಂದೆ ಕುಳಿತಿದ್ದರು. ಪೂಜೆ ಮುಗಿದು ಗಂಟೆಯ ಮೇಲಾಗಿತ್ತು. ಎಡ ಅಂಗೈ ಎದೆಯ ಮಟ್ಟದಲ್ಲಿ ತೆರೆದಿತ್ತು, ಕಣ್ಣು ಅದರ ಮೇಲಿತ್ತು. ಅಜ್ಜಾ ಎಂದೆ. ಚಹಾ ತಂದಿಟ್ಟೆ. ಮತ್ತೆ ಅಜ್ಜಾ ಎಂದೆ. ಒಲೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಹೋಯಿತು. ಕರಡಿಗೆ ಮುಚ್ಚಿಕೊಂಡು ಅವರ ಕೊರಳಲ್ಲೇ ಇತ್ತು. ಅಂಗೈಯಲ್ಲಿ ಏನೂ ಇರಲಿಲ್ಲ. ಆಮೇಲೆ ನನ್ನ ಕಡೆ ನೋಡಿ, “ಚಾ ಆರೇತಲ್ಲ ಯವ್ವಾ, ಯಾವಾಗಿಟ್ಟಿ?” ಎಂದರು. ನಾನು ಯಾರಿಗೂ ಹೇಳಿಲ್ಲ. ಲೈಸೆನ್ಸ್ ತಿರುಗಿ ಬರುವ ಹೊತ್ತಿಗೆ ಬ್ಯಾಟರಿ ಸಾಯದಿರಲಿ ಎಂದು ಅವರು ದಿನಾ ಮನೆಯ ಮುಂದೆಯೇ ಹತ್ತು ನಿಮಿಷ ಕಾರು ಸ್ಟಾರ್ಟ್ ಮಾಡಿ ಇಡುತ್ತಾರೆ. ಬುಧವಾರದಿಂದ ಕೀಲಿ ಹುಡುಕುತ್ತಿದ್ದಾರೆ. ಅದು ನನ್ನ ಚೀಲದಲ್ಲಿದೆ. ಲೈಸೆನ್ಸಿನ ವಿಷಯದಲ್ಲಿ ಅವಸರವೇನಿಲ್ಲ ಮಾನ್ಯರೇ, ನಿಮಗೆ ಬೇಕಾದಷ್ಟು ಕಾಲ ತೆಗೆದುಕೊಳ್ಳಿ.